ಜಂಬಿಟ್ಟಿಗೆ ಗೋಡೆಯಾಚೆಯ ಕೋಣೆ

ತಲೆ ಬಗ್ಗಿಸಿ ಒಳಗೆ ಬನ್ನಿ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಮೇ ತಿಂಗಳ ಕೊನೆಯ ವಾರ, ಬೆಳಗ್ಗೆ ಏಳೂವರೆ. ಸಾಗರ ತಾಲ್ಲೂಕಿನ ಒಂಟಿಮನೆ ಇದು, ನಮ್ಮ ದೊಡ್ಡಪ್ಪನದು. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಈಗಷ್ಟೇ ಹರವಿದ್ದಾರೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ ಅಂತ ದೊಡ್ಡಮ್ಮ ಆಗಲೇ ಎರಡು ಸಲ ಹೇಳಿಯಾಗಿದೆ. ಒಳಗೆ ಕಾಲಿಟ್ಟರೆ ಸಾರಿಸಿದ ನೆಲದ ತಂಪು ಪಾದಕ್ಕೆ ಏರುತ್ತದೆ.

ಟಾರ್ಚು ನಿಮ್ಮ ಕೈಯಲ್ಲಿರಲಿ. ಇವತ್ತು ನೀವು ಟಾರ್ಚು ಹಿಡಿಯುವವರು.

ಜಗಲಿಯ ಎಡಗೋಡೆಯ ಮೇಲೆ ನೋಡಿ. ಬಿಳಿ ಡಬ್ಬಿ, ಎರಡು ಕೊಂಬು, ಮಿಟುಕುವ ಹಸಿರು ದೀಪಗಳು. ರಸ್ತೆಯ ಕಂಬದಿಂದ ಬಂದ ಫೈಬರ್ ಇಲ್ಲಿ ಮುಗಿಯುತ್ತದೆ. ಮನೆಯವರೆಲ್ಲ ಇದಕ್ಕೆ ‘ಮೋಡೆಮ್ಮು’ ಅನ್ನುತ್ತಾರೆ. ರೌಟರ್, ವೈಫೈ ಎಲ್ಲ ಇದರ ಹೊಟ್ಟೆಯೊಳಗೇ ಇದೆ. 200 ಎಂಬಿಪಿಎಸ್ ಯೋಜನೆ. ಈ ಮಣೆಯ ಮೇಲೆ ಕೂತು ಫೋನಿನಲ್ಲಿ ವೇಗ ಅಳೆಯಿರಿ: 180. ಎದ್ದು ನಡುಮನೆಗೆ ನಡೆಯಿರಿ: 60. ಅಡುಗೆಮನೆ ದಾಟಿ ಹಿಂದಿನ ಪಡಸಾಲೆಗೆ ಬನ್ನಿ: 15. ಇಲ್ಲಿಂದ ಮರದ ಏಣಿಮೆಟ್ಟಿಲು ಹತ್ತಿ ಉಪ್ಪರಿಗೆಯ ಕೊನೆಯ ಕೋಣೆಗೆ ತಲೆ ಹಾಕಿ. ಮುಳ್ಳು ಎರಡರ ಹತ್ತಿರ ತಡಕಾಡಿ ನಿಲ್ಲುತ್ತದೆ.

ಆ ಕೋಣೆಯಲ್ಲಿ ಕೂತಿರುವವಳು ನನ್ನ ತಂಗಿ, ದೊಡ್ಡಪ್ಪನ ಮಗಳು. ಬೆಂಗಳೂರಿನ ಕಚೇರಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಅವಳ ಮುಂದಿರುವುದು ದೊಡ್ಡ ಡೆಸ್ಕ್‌ಟಾಪ್. ಅದಕ್ಕೆ ತನ್ನದೇ ವೈಫೈ ಇಲ್ಲ, ಇಷ್ಟು ದಿನ ಫೋನಿನಿಂದ ಎರವಲು. ಬೆನ್ನಿನಲ್ಲಿ ಒಂದು ಚೌಕ ಬಾಯಿ ಇದೆ, ತಂತಿ ಕೊಟ್ಟರೆ ಮಾತಾಡುತ್ತದೆ. ಕೆಳಗೆ ಪಡಸಾಲೆಯಲ್ಲಿ ಟಿವಿ, ಅದಕ್ಕೂ ಅಂಥದೇ ಬಾಯಿ. ಮನೆಯ ಹಿಂದೆ, ಕೊಟ್ಟಿಗೆ ದಾಟಿ ತೋಟದ ಕಡೆ ಇಳಿದರೆ ಅಡಿಕೆ ಗೋಡೌನು. ಅಲ್ಲಿ ಕ್ಯಾಮೆರಾಗಳ ರೆಕಾರ್ಡರ್ ಒಂದು ಮೂಲೆಯಲ್ಲಿ ಕೂತು, ಯಾರಿಗೂ ತೋರಿಸದೆ, ತನ್ನಷ್ಟಕ್ಕೆ ತಾನು ಎಲ್ಲವನ್ನೂ ನೋಡುತ್ತಿದೆ. ಮೂರೂ ಇದ್ದಲ್ಲೇ ಇರುವ ಸಾಧನಗಳು. ಓಡಾಡುವವರಿಗೆ ವೈಫೈ ಸರಿ. ಕೂತಲ್ಲೇ ಕೂರುವ ಯಂತ್ರಕ್ಕೆ ಗಾಳಿಯಲ್ಲಿ ಕೂಗಿ ಹೇಳುವುದು ಯಾಕೆ?

ಈ ಗೋಡೆಯ ಮೇಲೆ ಅಂಗೈ ಇಡಿ. ಸುಣ್ಣ ಉದುರಿದ ಕಡೆ ಕೆಂಪು ಕಾಣುತ್ತದೆ, ಜೇನುಗೂಡಿನ ಹಾಗೆ ತೂತು ತೂತು. ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಅನ್ನುತ್ತಾರೆ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಕಲ್ಲು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರಗಳಲ್ಲಿ ತಿರುಗಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಇಲ್ಲಿನವರ ಬಾಯಲ್ಲಿಯೂ ಅದು ಇಟ್ಟಿಗೆಯೇ. ಗೋಡೆಯ ದಪ್ಪ ಒಂದೂವರೆ ಅಡಿ. ಮಳೆಗಾಲದಲ್ಲಿ ಈ ತೂತುಗಳೆಲ್ಲ ತೇವ ಹಿಡಿದು ಕೂರುತ್ತವೆ, ನೀರು ರೇಡಿಯೋ ಅಲೆಯನ್ನು ನುಂಗುತ್ತದೆ. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆಗೇ ಸುಸ್ತು. 2.4 ಸ್ವಲ್ಪ ತಾಳಿಕೊಂಡು ಎರಡನೆಯದನ್ನು ದಾಟುತ್ತದೆ, ಮೂರನೆಯದರ ಹತ್ತಿರ ಅದೂ ಕುಸಿಯುತ್ತದೆ. ಜಗಲಿಗೂ ಉಪ್ಪರಿಗೆಗೂ ನಡುವೆ ಇಂಥ ನಾಲ್ಕು ಗೋಡೆಗಳಿವೆ.

ಉಪಾಯಗಳು ಆಗಲೇ ಎರಡು ಆಗಿವೆ. ಅಡುಗೆಮನೆಯ ಪ್ಲಗ್ಗಿನಲ್ಲಿ ಒಂದು ರಿಪೀಟರ್ ಇತ್ತು. ಆ ಕಡೆಯಿಂದ ಕೇಳಿಸಿಕೊಂಡ ಮಾತನ್ನು ಅದೇ ರೇಡಿಯೋದಲ್ಲಿ ಈ ಕಡೆ ಮತ್ತೆ ಹೇಳಬೇಕು. ಹಾಗಾಗಿ ಅರ್ಧ ಹೊತ್ತು ಕೇಳುವುದಕ್ಕೆ, ಅರ್ಧ ಹೊತ್ತು ಹೇಳುವುದಕ್ಕೆ. ಜೊತೆಗೆ ಅದು ಇದ್ದ ಜಾಗದಲ್ಲಿಯೇ ಅಲೆ ಸೋತಿತ್ತು. ಸೋತ ಮಾತನ್ನು ಎಷ್ಟು ಜೋರಾಗಿ ಹೇಳಿದರೂ ಅದು ಸೋತ ಮಾತೇ. ಆಮೇಲೆ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಹರಿಸುವ ಪವರ್‌ಲೈನ್ ಜೋಡಿ ಬಂತು. ಈ ಮನೆಗೆ ಮೂರು ಫೇಸ್. ಜಗಲಿ ಒಂದು ಫೇಸಿನಲ್ಲಿ, ಉಪ್ಪರಿಗೆ ಇನ್ನೊಂದರಲ್ಲಿ, ನಡುವೆ ಇನ್ವರ್ಟರ್. ಒಂದು ಡಬ್ಬಿಯ ಗುರುತು ಇನ್ನೊಂದಕ್ಕೆ ಸಿಗಲೇ ಇಲ್ಲ.

“ಅಬ್ಬಿ ನೀರು ತಂದ ಹಾಗೆ ತರಬೇಕು ಮಾರಾಯ, ಇದನ್ನ” ಅನ್ನುತ್ತಾರೆ ದೊಡ್ಡಪ್ಪ, ಮೆಟ್ಟಿಲ ಕೆಳಗೆ ನಿಂತು. ಅವರಿಗೀಗ ಎಪ್ಪತ್ತೆರಡು. ಗುಡ್ಡದ ಒರತೆಯ ನೀರನ್ನು ಅಡಿಕೆ ಮರದ ದಬ್ಬೆ ಕೊರೆದು, ಒಂದಕ್ಕೊಂದು ಜೋಡಿಸಿ, ಬಚ್ಚಲಿನವರೆಗೆ ಇಳಿಸಿದ ಕಾಲವನ್ನು ಕಂಡವರು. ಆಮೇಲೆ ಅದೇ ದಾರಿಗೆ ಕಪ್ಪು ಪೈಪು ಹಾಕಿದವರು. “ಎಲ್ಲಿ ಬೇಕೋ ಅಲ್ಲಿತನಕ ದಾರಿ ಮಾಡಿಕೊಡಬೇಕು. ಚೆಲ್ಲಿದರೆ ಬರ್ತದಾ?”

ನಾನು ಈ ಇಡೀ ದಿನ ಮಾಡಲಿರುವುದು ಅವರು ಹೇಳಿದ್ದನ್ನೇ.

ತಂತಿಯ ಪೆಟ್ಟಿಗೆ ಇಲ್ಲಿದೆ. ಕ್ಯಾಟ್ 6, 305 ಮೀಟರ್, ಅಂದರೆ ಸಾವಿರ ಅಡಿಯ ಸುರುಳಿ. ಎತ್ತಿ ನೋಡಿ, ಭಾರ ಇದೆ. ಈ ಭಾರ ನನಗೆ ಮುಖ್ಯ. ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ತಂದ ಸುರುಳಿ ಇದರ ಮುಂದೆ ಹತ್ತಿಯ ಹಾಗಿತ್ತು. ಟಾರ್ಚು ಹತ್ತಿರ ತನ್ನಿ. ಹಳೆಯ ತುಂಡಿನ ಒಂದು ಎಳೆಯನ್ನು ಚಾಕುವಿನಿಂದ ಕೆರೆಯುತ್ತೇನೆ. ಮೇಲೆ ತಾಮ್ರದ ಬಣ್ಣ, ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ. ಎರಡು ಸಲ ಬಗ್ಗಿಸಿದರೆ ಸಾಕು, ಮುರಿಯುತ್ತದೆ. ಹೊಸದನ್ನು ಕೆರೆಯುತ್ತೇನೆ: ಒಳಗೂ ಕೆಂಪು. ತಂತಿ ಕೊಳ್ಳುವವರು ಅಂಗಡಿಯಲ್ಲೇ, ಅಂಗಡಿಯವನ ಎದುರಿಗೇ, ಹೀಗೆ ಕೆರೆದು ನೋಡಬೇಕು. ಗೋಡೆಯೊಳಗೆ ಹೋಗಿ ಕೂತ ಮೇಲೆ ನೋಡುವುದಕ್ಕಾಗುವುದಿಲ್ಲ.

ದಾರಿ ಮೇಲಿನದು. ಗೋಡೆಗಳ ನೆತ್ತಿಗೂ ಹೆಂಚಿನ ಮಾಡಿಗೂ ನಡುವೆ ಒಂದೊಂದು ಮೊಳ ಸಂದು ಇದೆ. ನಾಲ್ಕು ಗೋಡೆ ಕೊರೆಯುವ ಬದಲು ನಾಲ್ಕನ್ನೂ ಹತ್ತಿ ದಾಟಬಹುದು. ನಡುಮನೆಯ ಮುಚ್ಚಿಗೆಯ ಮೇಲೆ ಅಟ್ಟ. ಬನ್ನಿ, ಏಣಿ ಗಟ್ಟಿ ಇದೆ. ತಲೆ ಎತ್ತಬೇಡಿ, ಪಕಾಸಿಯ ಮೊಳೆಗಳಿವೆ. ಇಲ್ಲಿ ಬಿಸಿಲು ಹೆಂಚಿನ ಬಿರುಕುಗಳಲ್ಲಿ ದಾರದ ಹಾಗೆ ಇಳಿದಿದೆ. ಧೂಳು, ಹಳೆಯ ಕಡಾಯಿ, ಕಟ್ಟಿಟ್ಟ ತಾಳೆಗರಿ ಛತ್ರಿ, ಇಲಿ ಓಡಾಡಿದ ಗುರುತು. ಆ ಗುರುತು ನೋಡಿದ ಮೇಲೆ ತಂತಿಯನ್ನು ಬರಿಮೈಯಲ್ಲಿ ಬಿಡುವ ಹಾಗಿಲ್ಲ. ಪಿವಿಸಿ ಪೈಪು ಬೇಕು, ಮೂಲೆಗಳಲ್ಲಿ ಮೊಣಕೈಯ ಹಾಗೆ ತಟ್ಟನೆ ತಿರುಗುವ ಎಲ್ಬೋ ಬೇಡ, ಉದ್ದಕ್ಕೆ ಬಾಗುವ ಬೆಂಡು ಬೇಕು. ಕ್ಯಾಟ್ 6ಗೆ ಮಡಿಕೆ ಆಗುವುದಿಲ್ಲ. ಅದರೊಳಗೆ ಎರಡೆರಡು ಎಳೆ ಹೆಣೆದುಕೊಂಡ ನಾಲ್ಕು ಜೋಡಿಗಳಿವೆ, ಒಂದೊಂದು ಜೋಡಿಗೆ ಒಂದೊಂದು ಲೆಕ್ಕದ ಹೆಣಿಗೆ. ಪಕ್ಕದ ಜೋಡಿಯ ಮಾತು ತನ್ನೊಳಗೆ ನುಸುಳಬಾರದೆಂದು. ತಂತಿಯನ್ನು ಹೀಗೆ ಜೋಡಿಯಾಗಿ ತಿರುಚುವ ವಿದ್ಯೆಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದಿದ್ದ, ದೂರವಾಣಿಗಾಗಿ. ನೂರ ನಲವತ್ತು ವರ್ಷ ದಾಟಿದರೂ ಅದೇ ತಿರುಚು ಇಲ್ಲಿ, ಈ ಅಟ್ಟದ ಮೇಲೆ, ಕೆಲಸ ಮಾಡುತ್ತಿದೆ.

ಅಟ್ಟದ ಆ ತುದಿಗೆ ಮುಚ್ಚಿಗೆಯ ಹಲಗೆ ಹಳತು, ಮನುಷ್ಯರ ಭಾರ ತಡೆಯುವುದಿಲ್ಲ. ಮೂವತ್ತು ಅಡಿ ಆಚೆಗೆ ತಂತಿ ಹೋಗಬೇಕು. ಹೇಗೆ?

“ದೋಟಿ ಉಂಟಲ್ಲ ಅಲ್ಲೇ” ಎಂದು ಕೆಳಗಿನಿಂದ ದೊಡ್ಡಪ್ಪನ ದನಿ.

ಟಾರ್ಚು ಬಲಕ್ಕೆ ತಿರುಗಿಸಿ. ಹೌದು, ಗೋಡೆಯುದ್ದಕ್ಕೂ ಮಲಗಿದೆ: ಬಿದಿರಿನ ಹಳೆಯ ದೋಟಿ, ಅಡಿಕೆ ಕೊನೆ ಇಳಿಸುತ್ತಿದ್ದದ್ದು. ಈಗ ತೋಟಕ್ಕೆ ಕಾರ್ಬನ್ ಫೈಬರಿನ ಹಗುರ ದೋಟಿ ಬಂದಿದೆ. ಅದನ್ನು ಇಲ್ಲಿ ತರಬಾರದು. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಅಟ್ಟದಲ್ಲಿ ಹಳೆಯ ವೈರಿಂಗ್ ಇದೆ. ಬಿದಿರೇ ಒಳ್ಳೆಯದು. ತುದಿಗೆ ಸುತ್ತಿಗೆಯಿಂದ ಬಡಿದ ಕೊಕ್ಕೆ ಇನ್ನೂ ಇದೆ. ಅದಕ್ಕೆ ನೈಲಾನ್ ದಾರ ಕಟ್ಟಿ, ಹಲಗೆಗಳ ಮೇಲೆ ಮೆಲ್ಲಗೆ ನೂಕುತ್ತೇನೆ. ಬಿದಿರು ಕರಕರ ಅನ್ನುತ್ತ ಜಾರುತ್ತದೆ. ನೀವು ಬೆಳಕು ಹಿಡಿದು ಹೇಳಿ: ಎಡಕ್ಕೆ, ಇನ್ನೂ ಎಡಕ್ಕೆ, ತೊಲೆ ತಪ್ಪಿತು, ಸರಿ. ಆ ತುದಿಯ ಸಂದಿನಲ್ಲಿ ತಂಗಿಯ ಕೈ ಕಾಣಿಸುತ್ತದೆ, ಬಳೆ ಸಹಿತ. ದಾರ ಹಿಡಿದಳು.

ದಾರದ ಹಿಂದೆ ಪೈಪು, ಪೈಪಿನೊಳಗೆ ತಂತಿ. ಒಂದಲ್ಲ, ಎರಡು. ಎರಡನೆಯದಕ್ಕೆ ಈಗ ಕೆಲಸವಿಲ್ಲ. ಮುಂದೆ ಯಾವಾಗಲೋ ಮೊದಲನೆಯದು ಸತ್ತಾಗ ಈ ಅಟ್ಟಕ್ಕೆ ಮತ್ತೊಬ್ಬರು ಹತ್ತದೇ ಇರಲಿ ಎಂದು ಅದು. ಕರೆಂಟಿನ ವೈರಿನಿಂದ ಒಂದು ಗೇಣು ದೂರ. ಅದನ್ನು ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡ ದಾಟುತ್ತೇನೆ, ಜೊತೆಜೊತೆಯಾಗಿ ಹೋಗಗೊಡುವುದಿಲ್ಲ. ಜಗಲಿಯಿಂದ ಉಪ್ಪರಿಗೆಯವರೆಗೆ 27 ಮೀಟರ್ ಆಯಿತು. ತಾಮ್ರದ ಈಥರ್ನೆಟ್ 100 ಮೀಟರಿನವರೆಗೆ ಓಡುತ್ತದೆ. ದೂರದ ಚಿಂತೆಯಿಲ್ಲ.

ಈಗ ಕೂರೋಣ. ಇದು ಕಣ್ಣಿನ ಕೆಲಸ. ಉಪ್ಪರಿಗೆಯ ಕಿಟಕಿಯ ಬೆಳಕಿಗೆ ಬನ್ನಿ. ಹೊರಗಿನ ಸಿಪ್ಪೆಯನ್ನು ಒಂದು ಇಂಚಿನಷ್ಟು ಬಿಡಿಸುತ್ತೇನೆ, ಒಳಗಿನ ಎಳೆಗೆ ಗಾಯವಾಗದ ಹಾಗೆ. ನಾಲ್ಕು ಜೋಡಿ ಹೊರಬಂದವು. ಹೆಣಿಗೆ ಬಿಚ್ಚಿ, ನೆಟ್ಟಗೆ ಮಾಡಿ, ಸಾಲು ಹಿಡಿಯಬೇಕು. ಬಿಳಿ–ಕಿತ್ತಳೆ, ಕಿತ್ತಳೆ. ಬಿಳಿ–ಹಸಿರು, ನೀಲಿ. ಬಿಳಿ–ನೀಲಿ, ಹಸಿರು. ಬಿಳಿ–ಕಂದು, ಕಂದು. ಹಸಿರು ಜೋಡಿ ಮಾತ್ರ ನೀಲಿಯನ್ನು ನಡುವೆ ಕೂರಿಸಿಕೊಂಡು ಅತ್ತಿತ್ತ ನಿಲ್ಲುತ್ತದೆ. ಹೊಸಬರು ತಪ್ಪುವುದು ಇಲ್ಲೇ. ತುದಿಗಳನ್ನು ಒಂದೇ ನೇರಕ್ಕೆ ಕತ್ತರಿಸಿ, ಪಾರದರ್ಶಕ ಕನೆಕ್ಟರಿನೊಳಗೆ ನೂಕಿ, ಮುಂಭಾಗದಿಂದ ನೋಡಿ ಎಂಟೂ ತಾಮ್ರದ ಚುಕ್ಕಿಗಳು ಕಾಣುತ್ತವೆಯೇ ಎಂದು ಎಣಿಸಬೇಕು. ಕ್ರಿಂಪಿಂಗ್ ಇಕ್ಕಳ ಒತ್ತಿದರೆ ‘ಕಟ್’ ಅನ್ನುತ್ತದೆ. ಹೆಣಿಗೆ ಬಿಚ್ಚಿದ ಉದ್ದ ಅರ್ಧ ಇಂಚು ಮೀರಬಾರದು. ಹೊರಗಿನ ಸಿಪ್ಪೆ ಕನೆಕ್ಟರಿನ ಒಳಗೇ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಎಳೆದಾಗ ಭಾರವೆಲ್ಲ ಸಣ್ಣ ಎಳೆಗಳ ಮೇಲೆ ಬೀಳುತ್ತದೆ.

1973ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್ಕಾಫ್ ಈಥರ್ನೆಟ್ ಎಂಬ ಹೆಸರನ್ನು ಮೊದಲು ಕಾಗದದ ಮೇಲೆ ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಬೆರಳು ದಪ್ಪದ ಒಂದೇ ಕೇಬಲ್ಲು, ಕೋಣೆಯಿಂದ ಕೋಣೆಗೆ ಹೋಗುವಂಥದ್ದು. ಹೀಗೆ ತಿರುಚಿದ ಜೋಡಿಗಳ ಮೇಲೆ ಅದು ಓಡುವ ಮಾನಕ ಬಂದದ್ದು 1990ರಲ್ಲಿ. ನಾಲ್ಕೂ ಜೋಡಿಗಳನ್ನು ಒಟ್ಟಿಗೆ ದುಡಿಸಿ ಗಿಗಾಬಿಟ್ ಓಡಿಸಿದ್ದು 1999ರಲ್ಲಿ. ನಾಲ್ಕೂ ಅನ್ನುವುದನ್ನು ನೆನಪಿಡಿ, ಈಗ ಬೇಕಾಗುತ್ತದೆ.

ಉಪ್ಪರಿಗೆಯಲ್ಲಿ ಹಲವು ಬಾಯಿಯ ಗಿಗಾಬಿಟ್ ಸ್ವಿಚ್ಚು ಕೂರಿಸಿದ್ದೇನೆ. ಒಂದು ಬಾಯಿಗೆ ಜಗಲಿಯಿಂದ ಬಂದ ತಂತಿ. ಒಂದರಿಂದ ತಂಗಿಯ ಡೆಸ್ಕ್‌ಟಾಪಿಗೆ. ಒಂದು ನೆಲದ ಹಲಗೆಯ ಸಂದಿನಲ್ಲಿ ಇಳಿದು ಪಡಸಾಲೆಯ ಟಿವಿಗೆ. ನಾಲ್ಕನೆಯದು ಹಳೆಯ ರೌಟರಿಗೆ. ಅದನ್ನೀಗ ಉಪ್ಪರಿಗೆಯ ವೈಫೈ ಕೊಡುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆರಿಸಿ, ತಂತಿಯನ್ನು ಅದರ ವ್ಯಾನ್ ಬಾಯಿಗೆ ಕೊಡದೆ ಲ್ಯಾನ್ ಬಾಯಿಗೆ ಕೊಟ್ಟಾಯಿತು. ಮನೆಯಲ್ಲಿ ವಿಳಾಸ ಕೊಡುವ ಯಜಮಾನ ಒಬ್ಬನೇ ಇರಬೇಕು. ಇಬ್ಬರಾದರೆ ಟಿವಿ ಒಂದು ಊರಿನಲ್ಲಿ, ರೆಕಾರ್ಡರ್ ಇನ್ನೊಂದು ಊರಿನಲ್ಲಿ ಇದ್ದ ಹಾಗೆ, ಪರಸ್ಪರ ಕಾಣುವುದಿಲ್ಲ. ಐದನೆಯ ಬಾಯಿ ಗೋಡೌನಿಗೆ. ಅದರ ಕಥೆ ಮಧ್ಯಾಹ್ನ.

ತಂಗಿ ವೇಗ ಅಳೆದಳು. “ಅಣ್ಣ, 94! ಎರಡು ಬರ್ತಿತ್ತು, ಈಗ 94!” ದೊಡ್ಡಮ್ಮ ಕೆಳಗಿನಿಂದ ಏನಾಯಿತೆಂದು ಕೇಳುತ್ತಾರೆ. ತಂಗಿಯ ಮುಖದ ಸಂತೋಷ ನೋಡಿ ನನಗೂ ಅಷ್ಟಕ್ಕೇ ಬಿಡೋಣ ಅನ್ನಿಸುತ್ತದೆ. ಆದರೆ 94 ಎಂಬ ಅಂಕಿಯನ್ನು ನಾನು ಬಲ್ಲೆ. 200ರ ಯೋಜನೆಯಲ್ಲಿ 94ರ ಆಸುಪಾಸು ಬಂದು ಅಲುಗಾಡದೆ ನಿಂತಿತೆಂದರೆ ತಂತಿ ಗಿಗಾಬಿಟ್ ಬಿಟ್ಟು 100ಕ್ಕೆ ಇಳಿದಿದೆ ಎಂದರ್ಥ. ನೂರರ ಓಟಕ್ಕೆ ಎರಡೇ ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಉಳಿದೆರಡರಲ್ಲಿ ಎಲ್ಲೋ ಒಂದು ಮೌನವಾಗಿದೆ. ಸ್ವಿಚ್ಚಿನ ದೀಪ ನೋಡಿ: ಪಕ್ಕದವು ಹಸಿರು, ಜಗಲಿಯ ಬಾಯಿಯದ್ದು ಮಾತ್ರ ಹಳದಿ.

ಟೆಸ್ಟರಿನ ಅರ್ಧ ನಿಮಗೆ ಕೊಡುತ್ತೇನೆ. ಉಪ್ಪರಿಗೆಯ ತುದಿಗೆ ಸಿಕ್ಕಿಸಿಕೊಂಡು ಕೂರಿ. ನಾನು ಜಗಲಿಗೆ ಓಡುತ್ತೇನೆ. ದೀಪಗಳು ಒಂದೊಂದಾಗಿ ಹತ್ತುತ್ತವೆ, ಜೋರಾಗಿ ಎಣಿಸಿ.

ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಸದ್ದಿಲ್ಲ.

ಎಂಟು.

ಏಳನೆಯದು ಬಿಳಿ–ಕಂದು. ಜಗಲಿಯ ಕನೆಕ್ಟರನ್ನು ಕನ್ನಡಕ ಸರಿಸಿ ನೋಡುತ್ತೇನೆ: ಏಳನೆಯ ಚುಕ್ಕಿ ಉಳಿದವಕ್ಕಿಂತ ಒಂದು ಕೂದಲಿನಷ್ಟು ಹಿಂದೆ ನಿಂತಿದೆ. ಕತ್ತರಿಸಿ ಎಸೆದು, ಮತ್ತೆ ಸಾಲು ಹಿಡಿದು, ಮತ್ತೆ ‘ಕಟ್’. ಈಗ ಮೇಲಿನಿಂದ ನಿಮ್ಮ ದನಿ ಎಂಟರ ತನಕ ತಡೆಯಿಲ್ಲದೆ ಬರುತ್ತದೆ. ದೀಪ ಹಸಿರಾಯಿತು. ತಂಗಿಯ ಪರದೆಯಲ್ಲಿ 190 ದಾಟಿತು. ಅವಳು ಈಗ ಕೂಗುವುದಿಲ್ಲ. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಮುಖದ ಮೇಲಿನ ಒಂದು ಭಾರ ಇಳಿದಿದೆ. ಈ ಎರಡು ವರ್ಷ ಪ್ರತಿ ಸಭೆಯಲ್ಲಿ ‘ನನ್ನ ದನಿ ಕೇಳಿಸ್ತಿದೆಯಾ’ ಎಂದು ಕೇಳಿ ಕೇಳಿ ಅವಳು ಮಾತು ಕಡಿಮೆ ಮಾಡಿಕೊಂಡಿದ್ದಳು. ಒಳ್ಳೆಯ ಕೆಲಸಗಾರ್ತಿ, ಕಚೇರಿಯವರ ಕಣ್ಣಿಗೆ ಮಾತಾಡದವಳಾಗಿ ಕಾಣುತ್ತಿದ್ದಳು. ಹಳ್ಳಿಯ ಮನೆಗೆ ಇಂಟರ್ನೆಟ್ ಬಂತು ಅನ್ನುವುದು ಜಗಲಿಯ ಡಬ್ಬಿಯ ತನಕದ ಮಾತು. ಕೆಲಸ ಮಾಡುವವಳು ಕೂತ ಕೋಣೆಯ ತನಕ ಬರದಿದ್ದರೆ ಅದು ಬಂದಿಲ್ಲ.

ಊಟದ ಹೊತ್ತಿಗೆ ಒಂದು ಗಲಿಬಿಲಿ. ಮನೆಯಿಡೀ ಇಂಟರ್ನೆಟ್ ಒಮ್ಮೆಲೇ ನಿಂತಿದೆ, ಜಗಲಿಯಲ್ಲೂ ಇಲ್ಲ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿಟುಕುತ್ತಿವೆ. ಗುಡಿಸಲು ಬಂದ ದೊಡ್ಡಮ್ಮ, “ಒಂದು ತುದಿ ನೇತಾಡ್ತಿತ್ತಪ್ಪ, ತೂತು ಖಾಲಿ ಇತ್ತು, ಸಿಕ್ಕಿಸಿದೆ” ಅನ್ನುತ್ತಾರೆ. ಒಂದೇ ತುಂಡಿನ ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿ. ಎಲ್ಲರಿಗೂ ಕೇಳುವಂತೆ ಕೂಗಿದ ಒಂದು ಮಾತು ಆ ತುಂಡಿನಲ್ಲಿ ಹೊರಟು, ತಿರುಗಿ ಬಂದು, ಮತ್ತೆ ಹೊರಟು, ಸುತ್ತುತ್ತಲೇ ಇದೆ; ಬೇರೆ ಯಾವ ಮಾತಿಗೂ ಜಾಗವಿಲ್ಲ. ಒಂದು ತುದಿ ಎಳೆದೆ, ಎಲ್ಲ ಶಾಂತ. ತಪ್ಪು ದೊಡ್ಡಮ್ಮನದಲ್ಲ. ತುದಿಗೆ ಹೆಸರು ಬರೆಯದೆ ಬಿಟ್ಟ ನನ್ನದು. ಬಿಳಿ ಅಂಟುಪಟ್ಟಿ ತರಿಸಿ ದೊಡ್ಡಪ್ಪನ ಕೈಗೆ ಪೆನ್ನು ಕೊಟ್ಟೆ. ಅವರ ಅಕ್ಷರ ದುಂಡಗೆ, ಲೆಕ್ಕದ ಪುಸ್ತಕದ ಅಕ್ಷರ: ‘ಜಗಲಿ’, ‘ಪಡಸಾಲೆ ಟಿವಿ’, ‘ಮಗಳ ಕಂಪ್ಯೂಟರು’, ‘ಹೆಚ್ಚಿನದು – ಇರಲಿ’.

ಈಗ ಹೊರಗೆ ಬನ್ನಿ. ಚಪ್ಪಲಿ ಹಾಕಿಕೊಳ್ಳಿ, ನೆಲ ಸುಡುತ್ತಿದೆ. ಹಿತ್ತಿಲಿನಿಂದ ಕೊಟ್ಟಿಗೆಯ ಮಗ್ಗುಲಿಗೆ ಇಳಿದು ಗೋಡೌನಿನವರೆಗೆ 60 ಮೀಟರ್. ತಾಮ್ರ ತಲುಪುವ ದೂರವೇ. ಎರಡು ವರ್ಷದ ಹಿಂದೆ ಹಾಗೆಯೇ ಮಾಡಿದ್ದೆವು, ಮನೆಯಿಂದ ಕೊಟ್ಟಿಗೆಯ ಮೂಲೆಗೆ, ಅಲ್ಲಿಂದ ಗೋಡೌನಿಗೆ, ಗಾಳಿಯಲ್ಲಿ ಎಳೆದು ಕಟ್ಟಿ. ಮೇ ತಿಂಗಳ ಒಂದು ಸಂಜೆ ಗುಡ್ಡದ ಮೇಲೆ ಸಿಡಿಲು ಹೊಡೆಯಿತು. ನಮ್ಮ ಮನೆಗಲ್ಲ, ಸುಮಾರು ದೂರಕ್ಕೆ. ಆದರೂ ರೆಕಾರ್ಡರ್ ಹೋಯಿತು, ಅಂದಿನ ಮೋಡೆಮ್ಮಿನ ಬಾಯಿಗಳೂ ಹೋದವು. ಸಿಡಿಲು ತಂತಿಯನ್ನು ಮುಟ್ಟಬೇಕೆಂದೇ ಇಲ್ಲ. ಹತ್ತಿರ ಬಿದ್ದರೆ ಉದ್ದ ತಾಮ್ರದಲ್ಲಿ ತಾನೇ ಒಂದು ನೆರೆ ಎದ್ದು ಎರಡೂ ತುದಿಗೆ ಓಡುತ್ತದೆ. ಮಲೆನಾಡಿನಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರ ಎಳೆಯಬೇಡಿ. ಇದನ್ನು ನಾನು ನಷ್ಟ ಉಂಡು ಹೇಳುತ್ತಿದ್ದೇನೆ.

ಹಾಗಾಗಿ ಇಲ್ಲಿಗೆ ಗಾಜು. ಫೈಬರ್ ಅಂದರೆ ಗಾಜಿನ ಎಳೆ. ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್, ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ. ಒಂದೇ ಎಳೆಯಲ್ಲಿ ಒಂದು ಬಣ್ಣದ ಬೆಳಕು ಹೋಗುತ್ತ ಇನ್ನೊಂದು ಬಣ್ಣದ್ದು ಬರುತ್ತದೆ, ಎರಡೂ ನಮ್ಮ ಕಣ್ಣಿಗೆ ಕಾಣದವು. ಆದರೆ ಕೇಬಲ್ಲಿನ ಅಂಚಿಗೆ ಹೊಲಿದಂತೆ ಒಂದು ಉಕ್ಕಿನ ತಂತಿ ಇರುತ್ತದೆ, ಕಂಬಕ್ಕೆ ಕಟ್ಟಲು. ಅದನ್ನು ಹಾಗೇ ಬಿಟ್ಟರೆ ಗಾಜು ಹಾಕಿದ ಪ್ರಯೋಜನವೇನು? ನೀವು ಒಂದು ತುದಿ ಹಿಡಿಯಿರಿ. ಚಾಕುವಿನಿಂದ ಸೀಳಿ, ಎಳೆದು, ಉಕ್ಕನ್ನು ಉದ್ದಕ್ಕೂ ಬೇರೆ ಮಾಡೋಣ.

ಉಕ್ಕು ಹೋದ ಮೇಲೆ ಕೇಬಲ್ಲಿಗೆ ನೆಲದ ದಾರಿ ಬೇಕು. ಕೊಟ್ಟಿಗೆಯ ಪಕ್ಕ ಮಣ್ಣಿನಿಂದ ಕಪ್ಪು ಪೈಪಿನ ಬಾಯಿ ಇಣುಕುತ್ತಿದೆ, ನೋಡಿದಿರಾ? ಬೋರ್‌ವೆಲ್ ಬರುವ ಮೊದಲು ಅಬ್ಬಿ ನೀರು ತೊಟ್ಟಿ ತುಂಬಿ, ಹೆಚ್ಚಿದ್ದು ಇದರಲ್ಲಿ ತೋಟದ ಕಡೆ ಇಳಿಯುತ್ತಿತ್ತು. ಗೋಡೌನಿನ ಗೋಡೆಯ ಬುಡದಲ್ಲಿ ಆ ತುದಿ. ಒಂದು ಇಂಚಿನ ಪೈಪು, ಹತ್ತು ವರ್ಷದಿಂದ ಖಾಲಿ. ಮಣ್ಣಿನಡಿಯಲ್ಲಿ ಮೂರು ಕಡೆ ಬಾಗಿದೆ. ಜಿಐ ತಂತಿ ನೂಕಿದೆ. ಇಪ್ಪತ್ತು ಅಡಿಗೆ ನಿಂತಿತು. ಆ ಕಡೆಯಿಂದ ನೂಕಿದೆ, ಹದಿನೈದಕ್ಕೆ.

ದೊಡ್ಡಪ್ಪ ಬಗ್ಗಿ ಪೈಪಿನ ಬಾಯಿ ನೋಡುತ್ತಾರೆ. “ತಂತಿ ಯಾಕೆ ನೂಕ್ತೀಯ? ನೀರಿನ ದಾರಿ ಅದು. ನೀರನ್ನೇ ಕಳಿಸು.”

ಅವರು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದ ತುಂಡು, ತೆಳು ನೈಲಾನ್ ದಾರದ ಉಂಡೆ ತಂದರು. ಚೀಲದ ತುಂಡನ್ನು ಸಣ್ಣ ಬುಟ್ಟಿಯ ಹಾಗೆ ಮಾಡಿ ದಾರದ ತುದಿಗೆ ಕಟ್ಟಿದರು. ಪೈಪಿನೊಳಗೆ ಬಿಟ್ಟು, ಮೇಲಿನಿಂದ ಮೆದುಕೊಳವೆ ಸಿಕ್ಕಿಸಿ ನಲ್ಲಿ ತಿರುಗಿಸಿದರು. ಕಿವಿಗೊಡಿ. ಹತ್ತು ವರ್ಷ ಒಣಗಿದ್ದ ಪೈಪಿನಲ್ಲಿ ಮೊದಲು ಗಾಳಿಯ ನಿಟ್ಟುಸಿರು, ಆಮೇಲೆ ಗೊಳಗೊಳ. ದೊಡ್ಡಪ್ಪನ ಬೆರಳುಗಳ ನಡುವಿನಿಂದ ದಾರ ಸರಸರ ಜಾರುತ್ತಿದೆ. ಒಮ್ಮೆ ತಡೆಯಿತು, ಅವರು ಕೈಬೆರಳಿನಿಂದ ಸ್ವಲ್ಪ ಹಿಂದೆಳೆದು ಬಿಟ್ಟರು, ಮತ್ತೆ ಹೊರಟಿತು. ಕೆಳಗೆ ನಿಂತ ನಿಮ್ಮ ಪಾದದ ಬಳಿ ಮೊದಲು ಕೆಂಪು ಮಣ್ಣುನೀರು, ಒಂದು ಸತ್ತ ಜೇಡ, ನಂತರ ತಿಳಿನೀರು, ತಿಳಿನೀರಿನ ಜೊತೆ ನೀಲಿ ಪ್ಲಾಸ್ಟಿಕ್ಕಿನ ಚೂರು ಬಂದು ಬಿದ್ದಿತು. ಹಿಡಿದಿರಲ್ಲ? ಬಿಡಬೇಡಿ.

ನೀರು ಇಳಿದುಹೋಗುವ ತನಕ ಕಾದು, ದಾರದಿಂದ ಹಗ್ಗ, ಹಗ್ಗದಿಂದ ಫೈಬರ್ ಎಳೆದೆವು. ಮೇಲೆ ನಾನು ಊಡುವುದು, ಕೆಳಗೆ ನೀವು ಎಳೆಯುವುದು, ನಡುವೆ ದೊಡ್ಡಪ್ಪ ನಿಂತು ‘ಮೆಲ್ಲ, ಮೆಲ್ಲ’. ಇಪ್ಪತ್ತು ನಿಮಿಷ. ತುದಿಗಳಿಗೆ ಮೊದಲೇ ಟೇಪು ಸುತ್ತಿ ಇಟ್ಟಿದ್ದೆ, ತೇವ ತಾಗದಿರಲೆಂದು.

ಮೂರೂವರೆಗೆ ಫೈಬರ್ ಕೆಲಸದ ಹುಡುಗ ಬೈಕಿನಲ್ಲಿ ಬಂದ. ಬೆನ್ನಿನ ಚೀಲದಲ್ಲಿ ಸ್ಪ್ಲೈಸಿಂಗ್ ಮಷಿನ್ನು. ಕೇಬಲ್ ಸಿಪ್ಪೆ ಸುಲಿದು, ಎಳೆಯನ್ನು ಸ್ಪಿರಿಟಿನಲ್ಲಿ ಒರೆಸಿ, ನೇರ ಕಡಿದು, ಮಷಿನ್ನಿನೊಳಗೆ ಇಡುತ್ತಾನೆ. ಸಣ್ಣ ಪರದೆಯಲ್ಲಿ ಎರಡು ಗಾಜಿನ ಎಳೆಗಳು ತುದಿಗೆ ತುದಿ ಹತ್ತಿರ ಬರುತ್ತವೆ. ಕೂದಲಿನ ದಪ್ಪದ್ದು, ಬೆಳಕು ಹೋಗುವ ಅದರ ಒಡಲು ಇನ್ನೂ ಎಷ್ಟೋ ಸಣ್ಣದು, ಒಂದು ಮಿಲಿಮೀಟರಿನ ನೂರನೇ ಪಾಲು ಇರಬಹುದಷ್ಟೆ. ಒಂದು ಕಿಡಿ. ಎರಡು ಒಂದಾದವು, ಗೆರೆಯೂ ಉಳಿಯಲಿಲ್ಲ. ಕನೆಕ್ಟರ್ ತಂದದ್ದು ಹಸಿರು, ಮೋಡೆಮ್ಮಿಗೆ ಹಾಕುವಂಥದ್ದು. ನಮ್ಮ ಕನ್ವರ್ಟರಿನ ಬಾಯಿ ನೀಲಿ. ಎರಡೂ ಸಿಕ್ಕಿಸಿದರೆ ಕೂರುತ್ತವೆ, ಆದರೆ ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ನಡುವೆ ಬೆಳಕು ಸೋರುತ್ತದೆ. ಅವನೇ ತಲೆಯಾಡಿಸಿ ಚೀಲದಿಂದ ನೀಲಿ ತೆಗೆದ.

“ಯಜಮಾನ್ರೆ, ಕೆಳಗೆ ಹೋಗಿ ನಿಂತ್ಕೊಳ್ಳಿ. ತುದಿ ಕಣ್ಣಿಗೆ ಹಿಡೀಬೇಡಿ, ಗೋಡೆ ಕಡೆ ಹಿಡೀರಿ.”

ಗೋಡೌನಿನ ಕತ್ತಲೆಗೆ ಬನ್ನಿ. ಚೀಲ ಚೀಲ ಚಾಲಿ ಅಡಿಕೆ, ಅದರ ಒಗರು ವಾಸನೆ. ಮೂಲೆಯಲ್ಲಿ ದೊಡ್ಡಪ್ಪ ಕೇಬಲ್ಲಿನ ತುದಿಯನ್ನು ಊದುಬತ್ತಿಯ ಹಾಗೆ ಹಿಡಿದು ನಿಂತಿದ್ದಾರೆ. ಮೇಲೆ ಮನೆಯಲ್ಲಿ ಹುಡುಗ ಕೆಂಪು ಬೆಳಕಿನ ಪೆನ್ನು ಹಚ್ಚಿದ. 60 ಮೀಟರ್ ಆಚೆಯಿಂದ, ಮೂರು ತಿರುವು, ಮಣ್ಣಿನಡಿಯ ಹಳೆಯ ನೀರಿನ ಪೈಪು ದಾಟಿ, ಜಂಬಿಟ್ಟಿಗೆ ಗೋಡೆಯ ಮೇಲೆ ಒಂದು ಕೆಂಪು ಚುಕ್ಕಿ ಬಿದ್ದಿತು. ಕುಂಕುಮದಷ್ಟು. ದೊಡ್ಡಪ್ಪ ಅದರ ಮೇಲೆ ಬೆರಳಿಟ್ಟರು. ಚುಕ್ಕಿ ಬೆರಳಿನ ಮೇಲೆ ಹತ್ತಿತು. “ಬಂತು” ಅಂದರು. ಅಬ್ಬಿ ನೀರು ಬಚ್ಚಲಿಗೆ ಬಂದ ದಿನವೂ ಇವರು ಹೀಗೇ ಅಂದಿರಬೇಕು.

ಇನ್ನೊಂದು ಅಪಾಯ ಉಳಿದಿದೆ, ಅದನ್ನು ಮರೆಯಬಾರದು. ಗೋಡೌನಿಗೆ ಕರೆಂಟು ಇನ್ನೂ ತಾಮ್ರದಲ್ಲೇ ಬರುತ್ತದೆ. ಅದಕ್ಕೆ ಗುಡುಗು ಶುರುವಾದ ಕೂಡಲೇ ಮನೆಯ ಬೋರ್ಡಿನಲ್ಲಿ ಗೋಡೌನಿನ ಎಂಸಿಬಿ ಇಳಿಸುವುದು. ರೆಕಾರ್ಡರೂ ಕನ್ವರ್ಟರೂ ಅಲ್ಲಿನ ಸಣ್ಣ ಬ್ಯಾಟರಿಯ ಮೇಲೆ ಎರಡು ಗಂಟೆ ಬದುಕುತ್ತವೆ. ಎಂಸಿಬಿಯ ಪಕ್ಕಕ್ಕೂ ಒಂದು ಅಂಟುಪಟ್ಟಿ ಬಿತ್ತು: ‘ಗೋಡೌನು – ಗುಡುಗಿಗೆ ಇಳಿಸಿ’.

ಐದೂವರೆ. ದೊಡ್ಡಮ್ಮ ಹೇಳಿದ ಹಾಗೆಯೇ ಪಶ್ಚಿಮದಿಂದ ಮೋಡ ಬಂತು, ಹಪ್ಪಳದ ಚಾಪೆಗಳನ್ನು ಎಲ್ಲರೂ ಸೇರಿ ಒಳಗೆ ಎಳೆದುಕೊಂಡೆವು. ಮೊದಲ ಹನಿ ಹೆಂಚಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ. ಆಮೇಲೆ ಒಂದೇ ಸದ್ದು. ಕರೆಂಟು ಹೋಯಿತು, ಇನ್ವರ್ಟರ್ ಗುಂಯ್ ಎಂದಿತು, ಮೇಲೆ ತಂಗಿಯ ಸಭೆ ನಡೆಯುತ್ತಿದೆ: ಅವಳ ದನಿ ತಡವರಿಸದೆ, ಒಂದೇ ಸಮ ಕೇಳುತ್ತಿದೆ. ಗುಡುಗಿದಾಗ ದೊಡ್ಡಪ್ಪ ಎದ್ದು ಹೋಗಿ ಎಂಸಿಬಿ ಇಳಿಸಿದರು. ಪಡಸಾಲೆಯ ಟಿವಿಯಲ್ಲಿ ಗೋಡೌನಿನ ಒಳಗು ಈಗ ಮನೆಯೊಳಗೆ ಕಾಣುತ್ತಿದೆ, ಕಪ್ಪುಬಿಳುಪಾಗಿ: ಚೀಲಗಳ ಸಾಲು, ತಕ್ಕಡಿ, ಮೂಲೆಯ ಏಣಿ. ಎಡಗಡೆಯ ಚೀಲದ ಮೇಲೆ ಏನೋ ಮಿನುಗಿ ಮರೆಯಾಗುತ್ತದೆ. ಮತ್ತೆ ಮಿನುಗುತ್ತದೆ.

“ಹೆಂಚು ಸರಿದಿದೆ” ಅಂದರು ದೊಡ್ಡಪ್ಪ. ನಾನು ಏಳುವಷ್ಟರಲ್ಲಿ ಅವರು ಹಿತ್ತಿಲ ಬಾಗಿಲು ದಾಟಿಯಾಗಿತ್ತು.

ನೀವು ಟಿವಿಯ ಮುಂದೆಯೇ ಇದ್ದೀರಿ. ಗೋಡೌನಿನ ಬಾಗಿಲು ತೆರೆದು ಬೆಳಕಿನ ಪಟ್ಟಿ ಬಿದ್ದಿತು, ಅದರೊಳಗೆ ದೊಡ್ಡಪ್ಪ. ಚೀಲವನ್ನು ಎರಡು ಕೈಯಲ್ಲಿ ತಬ್ಬಿ ಬಲಕ್ಕೆ ಎಳೆದರು, ಸೋರುವ ಜಾಗಕ್ಕೆ ಒಂದು ಬಕೆಟ್ ಇಟ್ಟರು. ಆಮೇಲೆ ಹೊರಡದೆ, ಮೂಲೆಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಟಾರ್ಚು ಹಾಕಿ, ಗೋಡೆಯ ಬುಡದಲ್ಲಿ ಪೈಪು ಒಳಗೆ ಬರುವ ಕಡೆ ಮಣ್ಣು ತೇವವಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು.

“ಅಗೋ” ಅನ್ನುತ್ತಾರೆ ದೊಡ್ಡಮ್ಮ ನಿಮ್ಮ ಪಕ್ಕದಲ್ಲಿ, ಪರದೆಯತ್ತ ಕೈ ತೋರಿಸಿ. “ಕೊಡೆ ಒಯ್ಯದೇ ಹೋಗಿದ್ದಾರೆ.”